ಮೆಜೆಸ್ಟಿಕ್ಕಿನಲ್ಲಿ ದಾರಿ ತಿಳಿಯುವ ಬಗೆ

ಬೆಂಗಳೂರಿಗೆ ಬರುವ ಪರಸ್ಥಳದವರಲ್ಲಿ ಅನೇಕರು ಮೊದಲು ಕಾಲಿಡುವುದು ಮೆಜೆಸ್ಟಿಕ್ಕಿನಲ್ಲಿ. ಹಿಂದೆ ಧರ್ಮಾಂಬುಧಿ ಕೆರೆಯಿದ್ದ ನೆಲವದು. ನೀರು ನಿಂತಿದ್ದೆಡೆಯಲ್ಲಿ ಇಂದು ಜನಪ್ರವಾಹ ಹರಿಯುತ್ತಿದೆ. ಒಂದು ಚಿತ್ರಮಂದಿರದಿಂದ ಬಂದ ಹೆಸರು ಜನರ ನಾಲಿಗೆಯಲ್ಲಿ ಉಳಿದಿದೆ. ಫಲಕಗಳ ಮೇಲಿರುವುದು ನಾಡಪ್ರಭು ಕೆಂಪೇಗೌಡರ ಹೆಸರು. ನಗರ ಸಾರಿಗೆಯ ಬಸ್ ನಿಲ್ದಾಣ, ಪರವೂರಿನ ಬಸ್ಸುಗಳ ನಿಲ್ದಾಣ, ನೆಲದಡಿಯ ಮೆಟ್ರೊ, ರಸ್ತೆಯಾಚೆ ಸಂಗೊಳ್ಳಿ ರಾಯಣ್ಣನ ಹೆಸರಿನ ರೈಲು ನಿಲ್ದಾಣ, ಈ ನಾಲ್ಕೂ ಅಲ್ಲಿ ಅಕ್ಕಪಕ್ಕದಲ್ಲಿವೆ.

ಹಿಂದೆ ಇಂತಹ ಸ್ಥಳದಲ್ಲಿ ಕಂಡಕ್ಟರರನ್ನೋ ಪಕ್ಕದಲ್ಲಿ ನಿಂತವರನ್ನೋ ಕೇಳಿ ದಾರಿ ತಿಳಿಯುತ್ತಿದ್ದೆವು. ಈಗ ಕೈಯಲ್ಲಿರುವ ಫೋನೇ ದಾರಿ ಹೇಳುತ್ತದೆ. ಆದರೆ ದಾರಿ ಹೇಳುವ ಆ್ಯಪ್‌ಗಳು ಹಲವಿರುವಾಗ ಯಾವುದನ್ನು ನಂಬಬೇಕು? ದೂರದ ಊರಿನಿಂದ ಬಂದ ವೃದ್ಧರೊಬ್ಬರು ಆಸ್ಪತ್ರೆಯಲ್ಲಿ ತಮ್ಮ ಸರದಿ ತಪ್ಪಿಸಿಕೊಂಡರೆ ಇನ್ನೊಂದು ದಿನದ ಊಟ, ವಸತಿ, ಆಯಾಸಗಳೆಲ್ಲ ಮನೆಯವರ ಪಾಲಿಗೆ ಬರುತ್ತವೆ. ಆದ್ದರಿಂದ ಈ ವಿವೇಚನೆ ಅಲ್ಪವಾದುದಲ್ಲ.

ಆ್ಯಪ್ ತಾನಾಗಿ ಏನನ್ನೂ ಅರಿಯದು. ಸಾರಿಗೆ ಸಂಸ್ಥೆ ಕೊಟ್ಟ ವೇಳಾಪಟ್ಟಿಯನ್ನು ಅದು ಓದಿ ಹೇಳುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ನಗರದ ಸಾರಿಗೆ ಸಂಸ್ಥೆಯೂ ಗೂಗಲ್ಲೂ ಕೂಡಿ 2005ರಲ್ಲಿ ವೇಳಾಪಟ್ಟಿಗಳನ್ನು ಬರೆದಿಡುವ ಒಂದು ಸಮಾನ ಕ್ರಮವನ್ನು ರೂಪಿಸಿದವು. ಇಂದು ಜಗತ್ತಿನ ಅಸಂಖ್ಯ ಸಂಸ್ಥೆಗಳು ಅದನ್ನೇ ಅನುಸರಿಸುತ್ತವೆ. ಈ ವೇಳಾಪಟ್ಟಿ ಪಂಚಾಂಗವಿದ್ದಂತೆ. ಸೂರ್ಯೋದಯದ ಹೊತ್ತನ್ನು ಪಂಚಾಂಗ ಹೇಳೀತು. ಅಂದು ಮೋಡ ಕವಿದಿರುವುದೇ ಎಂಬುದನ್ನು ಹೇಳಲಾರದು. ಅದನ್ನು ಹೇಳಬೇಕಾದರೆ ಬಸ್ಸಿನಲ್ಲಿಯೇ ಅಳವಡಿಸಿದ ಉಪಕರಣವು ತಾನೀಗ ಎಲ್ಲಿದ್ದೇನೆಂಬುದನ್ನು ತಿಳಿಸುತ್ತಿರಬೇಕು. ಈ ಎರಡು ಬಗೆಯ ಹೊತ್ತನ್ನು ಬೇರೆ ಬೇರೆಯಾಗಿ ತೋರಿಸುವ ಆ್ಯಪ್ ನಂಬಿಕೆಗೆ ಅರ್ಹ. ಎರಡನ್ನೂ ಬೆರೆಸಿ ಒಂದೇ ಅಂಕಿಯನ್ನು ಮುಂದಿಡುವುದು ಅಲ್ಲ. ಬೆಂಗಳೂರಿನ ನಗರ ಸಾರಿಗೆ ಸಂಸ್ಥೆಯು 2023ರಲ್ಲಿ ಹೊರತಂದ ‘ನಮ್ಮ ಬಿಎಂಟಿಸಿ’ ಬಸ್ಸಿರುವ ತಾಣವನ್ನು ತೋರಿಸುವ ಉದ್ದೇಶದ್ದೇ ಆಗಿದೆ.

ವೈಟ್‌ಫೀಲ್ಡಿನ ಕಡೆಗೆ ಹೊರಟವರನ್ನು ಗಮನಿಸೋಣ. ಮೆಜೆಸ್ಟಿಕ್ಕಿನಿಂದ ಕಾಡುಗೋಡಿಗೆ 335-ಇ ಬಸ್ಸಿದೆ. ಅಂಕಿ ಒಂದೇ ಇದ್ದು ಅಕ್ಷರ ಬೇರೆಯಾದರೆ ದಾರಿಯೂ ಬೇರೆಯಾಗುತ್ತದೆ. ಅಕ್ಷರವನ್ನು ಬಿಟ್ಟು ತೋರಿಸುವ ಆ್ಯಪ್ ನಮ್ಮನ್ನು ಬೇರೆಲ್ಲಿಗೋ ಒಯ್ದೀತು. ಬಸ್ಸು ವಾಹನದಟ್ಟಣೆಗೆ ಅಧೀನವಾದುದರಿಂದ ಅದರ ವೇಳಾಪಟ್ಟಿ ಬರಿಯ ಅಂದಾಜು. ಮೆಟ್ರೊ ತನ್ನದೇ ಹಳಿಯಲ್ಲಿ ಸಾಗುವುದರಿಂದ ಅದರ ಹೊತ್ತಿನ ಮೇಲೆ ಹೆಚ್ಚು ಭರವಸೆಯಿಡಬಹುದು. 2023ರ ಅಕ್ಟೋಬರ್ 9ರಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ನೇರಳೆ ಮಾರ್ಗ ಅಖಂಡವಾಗಿದೆ. ಶ್ರೀ ಸತ್ಯಸಾಯಿ ಆಸ್ಪತ್ರೆಯ ನಿಲ್ದಾಣವೂ ಅದರಲ್ಲಿಯೇ ಇದೆ. ವೈದ್ಯರ ಭೇಟಿಗೆ ಹೋಗುವವರಿಗೆ ಇಂತಹ ಮಾರ್ಗವನ್ನು ಮೊದಲು ಸೂಚಿಸುವ ಆ್ಯಪ್ ಲೇಸು.

ಆಯ್ಕೆಗೆ ಮುನ್ನ ಇನ್ನೂ ಕೆಲವನ್ನು ಪರೀಕ್ಷಿಸಬೇಕು. ಮೆಜೆಸ್ಟಿಕ್ ಎಂದು ಹುಡುಕಿದರೂ ಕೆಂಪೇಗೌಡ ನಿಲ್ದಾಣವೆಂದು ಹುಡುಕಿದರೂ ಅದು ಒಂದೇ ಸ್ಥಳಕ್ಕೆ ತಲುಪಿಸುತ್ತದೆಯೇ? ಕನ್ನಡದಲ್ಲಿ ಓದಿಸುತ್ತದೆಯೇ? ಪ್ರಕಟಿಸಿದವರ ಹೆಸರು ಸಾರಿಗೆ ಸಂಸ್ಥೆಯದೇ ಅಥವಾ ಪರಿಚಿತ ಸಂಸ್ಥೆಯದೇ? ದಾರಿ ತೋರುವುದಕ್ಕೆ ನಾವಿರುವ ತಾಣ ತಿಳಿದರೆ ಸಾಕು. ನಮ್ಮ ಬಂಧುಗಳ ದೂರವಾಣಿ ಸಂಖ್ಯೆಗಳನ್ನೂ ಸಂದೇಶಗಳನ್ನೂ ನೋಡಲು ಅನುಮತಿ ಬೇಡುವುದನ್ನು ದೂರವಿಡುವುದೇ ಕ್ಷೇಮ. ನೆಲದಡಿಯ ನಿಲ್ದಾಣದಲ್ಲಿ ಉಪಗ್ರಹದ ಸಂಕೇತ ಸಿಗದು. ಅಲ್ಲಿ ನಕ್ಷೆಯ ನೀಲಿ ಚುಕ್ಕೆಗಿಂತ ಗೋಡೆಯ ಫಲಕವೇ ಪ್ರಮಾಣ.

ಮನೆಯ ತರುಣರು ಹಿರಿಯರ ಫೋನಿನಲ್ಲಿ ಆ್ಯಪ್ ಹಾಕಿಕೊಟ್ಟು ಸುಮ್ಮನಾಗಬಾರದು. ತಮಗೆ ಚೆನ್ನಾಗಿ ಗೊತ್ತಿರುವ ದಾರಿಯಲ್ಲಿ ಒಂದು ವಾರ ಅದು ಹೇಳಿದ ಹೊತ್ತನ್ನೂ ಬಸ್ಸು ಬಂದ ಹೊತ್ತನ್ನೂ ಹೋಲಿಸಿ ನೋಡಲಿ. ನಂತರ ಹಿರಿಯರೊಡನೆ ಒಮ್ಮೆ ಪಯಣಿಸಲಿ. ಇಷ್ಟಾದರೂ ಬಸ್ಸು ಹತ್ತುವ ಮುನ್ನ ಕಂಡಕ್ಟರರನ್ನು ಒಂದು ಮಾತು ಕೇಳುವ ರೂಢಿಯನ್ನು ಬಿಡಬಾರದು. ಕೇಳಿ ತಿಳಿಯುವವನಿಗೆ ಯಾವ ಊರೂ ಪರವೂರಲ್ಲ.