ಯಂತ್ರದ ಮರೆವು, ಮನುಷ್ಯನ ಪ್ರಾಮಾಣಿಕತೆ

ಬ್ಯಾಟರಿ ಬದಲಿಸಿದ ಮರುದಿನವೇ ಕಾರಿನ ಎಂಜಿನ್ ನಡುಗತೊಡಗಿದರೆ ಗೃಹಸ್ಥನು ಹೊಸ ಬ್ಯಾಟರಿಯನ್ನೋ ಅದನ್ನು ಕೂರಿಸಿದವನನ್ನೋ ದೂಷಿಸುವುದು ಸಹಜ. ಆದರೆ ಅನೇಕ ಸಂದರ್ಭಗಳಲ್ಲಿ ದೋಷವು ಬಹುಕಾಲದಿಂದ ಒಳಗೇ ಇದ್ದು, ಬ್ಯಾಟರಿ ಕಳಚಿದಾಗ ಮಾತ್ರ ಬೆಳಕಿಗೆ ಬಂದಿರುತ್ತದೆ.

ಕಾರ್ಬ್ಯುರೇಟರ್ ಕಾಲದ ಕಾರುಗಳಲ್ಲಿ ಎಂಜಿನ್ನಿನ ಐಡ್ಲಿಂಗ್ ವೇಗವನ್ನು ಮೇಸ್ತ್ರಿಯು ಒಂದು ತಿರುಪಿನಿಂದ ಹೊಂದಿಸುತ್ತಿದ್ದನು. ತಿರುಪಿಗೆ ಬ್ಯಾಟರಿಯ ಹಂಗಿರಲಿಲ್ಲ. ಭಾರತದಲ್ಲಿ 2000ರಿಂದ ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ, ಇಂಧನವನ್ನು ಅಳೆದು ಚಿಮ್ಮಿಸುವ ವ್ಯವಸ್ಥೆಯೂ ಅದನ್ನು ಆಳುವ ಪುಟ್ಟ ಕಂಪ್ಯೂಟರೂ ಸಾಮಾನ್ಯವಾದವು. ಈ ಕಂಪ್ಯೂಟರಿಗೆ ಇಸಿಯು ಎಂದು ಹೆಸರು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯಲ್ಲಿ ವರ್ಷಗಳು ಕಳೆದಂತೆ ಮಸಿ ಕಟ್ಟುತ್ತದೆ; ಗಾಳಿಯ ದಾರಿ ಕಿರಿದಾಗುತ್ತದೆ. ಇಸಿಯು ಅದನ್ನು ಅರಿತು, ದಿನದಿನಕ್ಕೆ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಅನೇಕ ಕಾರುಗಳಲ್ಲಿ ಬ್ಯಾಟರಿ ಕಳಚಿದೊಡನೆ ಆ ತಿದ್ದುಪಡಿ ಅಳಿದುಹೋಗುತ್ತದೆ. ಯಂತ್ರವು ಶುಭ್ರವಾದ ಥ್ರಾಟಲಿನ ಮೂಲ ಲೆಕ್ಕಕ್ಕೆ ಮರಳುತ್ತದೆ. ಮಸಿ ಮಾತ್ರ ಅಲ್ಲೇ ಉಳಿದಿರುತ್ತದೆ.

ಉತ್ತರ ಕರ್ನಾಟಕದ ಊರೊಂದರ ಬಟ್ಟೆ ವ್ಯಾಪಾರಿಯೊಬ್ಬರ ಪೆಟ್ರೋಲ್ ಕಾರಿಗೆ ಇದೇ ಗತಿ ಬಂದಿತು. ಸಿಗ್ನಲಿನಲ್ಲಿ ನಿಂತು ಏಸಿ ಹಾಕಿದರೆ ಎಂಜಿನ್ ನಡುಗಿ ಆರುತ್ತಿತ್ತು. ಮೊದಲು ನೋಡಿದ ಗ್ಯಾರೇಜಿನವರು ಏನನ್ನೂ ಬಿಚ್ಚಿ ನೋಡದೆ ಐಡ್ಲಿಂಗ್ ವಾಲ್ವ್ ಬದಲಿಸಬೇಕೆಂದು ಬೆಲೆ ಹೇಳಿದರು. ಎರಡನೆಯವನು ವಯಸ್ಸಾದ ಮೇಸ್ತ್ರಿ. ಅವನು ಮೊದಲು ಬ್ಯಾಟರಿಯ ಟರ್ಮಿನಲ್ಲುಗಳು ಬಿಗಿಯಾಗಿವೆಯೇ ಎಂದು ಅಲುಗಾಡಿಸಿ ನೋಡಿದನು. ಎಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ ಸುಮಾರು 14 ವೋಲ್ಟ್ ಇರುವುದನ್ನು ಅಳೆದನು. ಬ್ಯಾಟರಿ ಕೂರಿಸುವಾಗ ಕೈ ತಗುಲಿ ಯಾವುದಾದರೂ ರಬ್ಬರ್ ಪೈಪು ಕಳಚಿರಬಹುದೆಂದು, ಗಾಳಿ ಸೀಳುವ ಸದ್ದಿಗೆ ಕಿವಿಗೊಟ್ಟನು. ಕೊನೆಗೆ ಗಾಳಿಯ ಕೊಳವೆ ಬಿಚ್ಚಿ ಕರಿಮಸಿಯನ್ನು ತೋರಿಸಿ, “ಸಾಹುಕಾರರೇ, ವಾಲ್ವ್ ಕೆಟ್ಟಿಲ್ಲ. ಇದನ್ನು ಒರೆಸಿದರೆ ಸಾಕು” ಎಂದನು.

ಮಸಿಯನ್ನು ಒರೆಸಿದ ಬಳಿಕ ಅವನು ಮಾಡಿದ್ದು ಕಾಯುವ ಕೆಲಸ. ಹೊಗೆ ಒಳಗೆ ಸೇರದಂತೆ ಕಾರನ್ನು ಬಯಲಿಗೆ ತಂದನು. ದೀಪ, ಏಸಿ ಎಲ್ಲವನ್ನೂ ಆರಿಸಿ, ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ಬಿಸಿಯಾಗುವವರೆಗೆ ಓಡಿಸಿದನು. ಆಮೇಲೆ ಏಸಿ ಹಾಕಿ ಇನ್ನಷ್ಟು ಹೊತ್ತು ಬಿಟ್ಟನು. ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತಿನಲ್ಲಿ ನೆಲೆಗೊಂಡಿತು. ಎಲ್ಲ ಕಾರುಗಳಿಗೂ ಇದೇ ವಿಧಾನವಲ್ಲ. ಕೆಲವಕ್ಕೆ ಸ್ಕ್ಯಾನರ್ ಜೋಡಿಸಿಯೇ ಹೊಸದಾಗಿ ಕಲಿಸಬೇಕಾಗುತ್ತದೆ. ಮೇಸ್ತ್ರಿಯು ಕೂಲಿಯನ್ನಷ್ಟೇ ಪಡೆದನು.

ಎರಡು ವರ್ಷಗಳ ನಂತರ ವ್ಯಾಪಾರಿಯು ಆ ಕಾರನ್ನು ಮಾರಲು ಹೊರಟರು. ಆಗ ಎಂಜಿನ್ನಿನ ಎಚ್ಚರಿಕೆ ದೀಪ ಉರಿಯುತ್ತಿತ್ತು. ದಲ್ಲಾಳಿಯು ಸುಲಭದ ಉಪಾಯ ಹೇಳಿದನು: “ಬ್ಯಾಟರಿಯ ತಂತಿ ಸ್ವಲ್ಪ ಹೊತ್ತು ಕಳಚಿಡಿ. ದೀಪ ಆರುತ್ತದೆ. ಗಿರಾಕಿ ನೋಡಿ ಹೋಗುವವರೆಗೆ ಸಾಕು.” ಉಪಾಯ ಸುಳ್ಳಲ್ಲ; ಬಹಳಷ್ಟು ಕಾರುಗಳಲ್ಲಿ ದೋಷದ ದಾಖಲೆಯೂ ಆ ನೆನಪಿನೊಡನೆ ಅಳಿಯುತ್ತದೆ. ದೋಷವು ಅಳಿಯುವುದಿಲ್ಲ, ಕೆಲವು ದಿನಗಳ ಓಡಾಟದ ಮೇಲೆ ದೀಪ ಮತ್ತೆ ಉರಿಯುತ್ತದೆ. ಅಷ್ಟರಲ್ಲಿ ಕಾರು ಮತ್ತೊಬ್ಬನ ಮನೆಯಂಗಳದಲ್ಲಿರುತ್ತದೆ. ಸ್ಕ್ಯಾನರ್ ಬಲ್ಲವನು ಇಸಿಯುವಿನ ಸ್ವಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂಬುದನ್ನು ಕಂಡು ಸಂಶಯಪಡಬಹುದು. ಸಾಮಾನ್ಯ ಗಿರಾಕಿಗೆ ಆ ರಕ್ಷಣೆಯೂ ಇಲ್ಲ.

ವ್ಯಾಪಾರಿಯು ಹೇಳಿದ್ದು ಇಷ್ಟೇ: “ಅಂಗಡಿಯಲ್ಲಿ ತೂತಿರುವ ಥಾನನ್ನು ಮಡಿಕೆಯೊಳಗೆ ಅಡಗಿಸಿ ಕೊಟ್ಟವನಲ್ಲ. ಇದನ್ನೇಕೆ ಅಡಗಿಸಲಿ?” ಗಿರಾಕಿಗೆ ಉರಿಯುವ ದೀಪವನ್ನೇ ತೋರಿಸಿದರು. ದುರಸ್ತಿಯ ಖರ್ಚನ್ನು ಬೆಲೆಯಲ್ಲಿ ಮುರಿದುಕೊಂಡು ವ್ಯವಹಾರ ಮುಗಿಯಿತು. ದಲ್ಲಾಳಿಗೆ ಅದು ನಷ್ಟವೆಂದೇ ತೋರಿತು. ಲೆಕ್ಕದ ಪುಸ್ತಕದಲ್ಲಿ ಅದು ನಷ್ಟವೂ ಹೌದು.

ಒಂದೇ ಸ್ಪ್ಯಾನರಿನಿಂದ ಈ ಎರಡು ಕೆಲಸಗಳೂ ಸಾಧ್ಯ. ದುರಸ್ತಿಗಾಗಿ ಬ್ಯಾಟರಿ ಕಳಚಿದವನು ಯಂತ್ರಕ್ಕೆ ಮತ್ತೆ ಕಲಿಯಲು ಕಾಲಾವಕಾಶ ಕೊಡುತ್ತಾನೆ; ವಂಚನೆಗಾಗಿ ಕಳಚಿದವನು ಆ ಕಾಲಾವಕಾಶವನ್ನೇ ಬಂಡವಾಳ ಮಾಡಿಕೊಳ್ಳುತ್ತಾನೆ. ಹಳೆಯ ಕಾರು ಕೊಳ್ಳುವವರು ಬ್ಯಾಟರಿಯನ್ನು ಇತ್ತೀಚೆಗೆ ಕಳಚಲಾಗಿದೆಯೇ ಎಂದು ಕೇಳುವುದು ಒಳಿತು. ಮಾರುವವರು ಕೇಳುವ ಮೊದಲೇ ಹೇಳುವುದು ಇನ್ನೂ ಒಳಿತು.