ಲಾರಿಯ ಮಾರ್ಜಾರ

ನಾಯಿಯು ಮನುಷ್ಯನನ್ನು ನೆಚ್ಚುತ್ತದೆ, ಬೆಕ್ಕು ಮನೆಯನ್ನು ನೆಚ್ಚುತ್ತದೆ ಎಂಬ ಮಾತನ್ನು ನಾವು ಮೂವತ್ತಮೂರು ವರ್ಷಕಾಲ ಮೈಸೂರಿನ ತರಗತಿಗಳಲ್ಲಿ ಹೇಳಿಕೊಂಡು ಬಂದೆವು. ಬೆಕ್ಕಿನ ವಿಷಯದಲ್ಲಿ ನಮಗೆ ಇದ್ದುದು ಅಮರಕೋಶದ ಪಾಂಡಿತ್ಯ ಮಾತ್ರ. ಓತು, ಬಿಡಾಲ, ಮಾರ್ಜಾರ ಎಂದು ಹೆಸರುಗಳನ್ನು ಒಪ್ಪಿಸಬಲ್ಲೆವು. ಶುಚಿಮಾಡುವುದೆಂಬ ಅರ್ಥದ ಮೃಜ್ ಧಾತುವಿನಿಂದ ಮಾರ್ಜಾರ ಶಬ್ದವು ಬಂದಿತು, ಸದಾ ಮೈ ನೆಕ್ಕಿಕೊಂಡು ಶುಚಿಯಾಗಿರುವುದರಿಂದ ಅದಕ್ಕೆ ಆ ಹೆಸರು ಎಂದು ವಿವರಿಸಬಲ್ಲೆವು. ಆದರೆ ಬೆಕ್ಕೊಂದನ್ನು ಸಾಕಿದವರಲ್ಲ. ಆ ಯೋಗವು ನಿವೃತ್ತರಾದ ಮೇಲೆ ಹಳೆಯ ಶಿಷ್ಯನೊಬ್ಬನ ದೆಸೆಯಿಂದ ಒದಗಿತು.

ಈ ಶಿಷ್ಯನ ವಿಚಾರವಾಗಿ ಒಂದು ಸಂಗತಿಯನ್ನು ವಾಚಕರಲ್ಲಿ ಮೊದಲೇ ಒಪ್ಪಿಕೊಳ್ಳಬೇಕಾಗಿದೆ. ಎಂಟನೆಯ ತರಗತಿಯಲ್ಲಿ ಇವನನ್ನು ರಾಮ ಶಬ್ದದ ತೃತೀಯಾ ವಿಭಕ್ತಿಯಿಂದ ಮುಂದಕ್ಕೆ ದಾಟಿಸುವುದು ನಮ್ಮಿಂದಾಗಲಿಲ್ಲ. ಒಂದು ದಿನ ಸಹನೆ ತಪ್ಪಿ, ಇಡಿಯ ತರಗತಿಯ ಎದುರಿಗೆ, "ನೀನು ಲಾರಿ ಓಡಿಸುವುದಕ್ಕೇ ಲಾಯಕ್ಕು" ಎಂದುಬಿಟ್ಟೆವು. ಹುಡುಗರು ನಕ್ಕರು. ಅವನೂ ನಕ್ಕನೆಂದು ನಮ್ಮ ನೆನಪು. ಇಂಥ ಸಂದರ್ಭಗಳಲ್ಲಿ ಉಪಾಧ್ಯಾಯರ ನೆನಪು ಉಪಾಧ್ಯಾಯರ ಪಕ್ಷವನ್ನೇ ವಹಿಸುವುದುಂಟು. ಎಷ್ಟೋ ವರ್ಷಗಳ ತರುವಾಯ ಅವನು ತನ್ನ ತಾಯಿಯೊಡನೆ ವಿದ್ಯಾರಣ್ಯಪುರದ ನಮ್ಮ ಬೀದಿಗೇ ಬಾಡಿಗೆಗೆ ಬಂದನು. ತಿರುವಿನಲ್ಲಿದ್ದ ಖಾಲಿ ನಿವೇಶನದಲ್ಲಿ ಲಾರಿಯನ್ನು ನಿಲ್ಲಿಸಿ ಇಳಿದವನು, ನಮ್ಮನ್ನು ಕಂಡೊಡನೆ ಕಾಲುಮುಟ್ಟಿ ನಮಸ್ಕರಿಸಿದನು. ನಮಗೆ ತಲೆಯೆತ್ತಲಾಗಲಿಲ್ಲ.

ತಾಯಿ ಕಳೆದ ವರ್ಷ ತೀರಿಕೊಂಡರು. ಹಿಂದೆ ಲಾರಿಗಳಲ್ಲಿ ಕ್ಲೀನರ್ ಎಂಬ ಹುಡುಗನಾದರೂ ಮಾತಿಗೆ ಇರುತ್ತಿದ್ದನು. ಈಗ ಅನೇಕ ಲಾರಿಗಳಲ್ಲಿ ಆ ಜೊತೆಯೂ ಇಲ್ಲ. ಹೀಗೆ ಒಬ್ಬನೇ ಆಗಿದ್ದ ಕಾಲದಲ್ಲಿ ಅವನು ಬಂಡೀಪಾಳ್ಯದ ಮಾರುಕಟ್ಟೆಯಿಂದ ಕೇರಳಕ್ಕೆ ತರಕಾರಿ ತುಂಬಿಕೊಂಡು ಹೊರಟನು. ಬಂಡೀಪುರದ ಕಾಡಿನ ಹೆದ್ದಾರಿಯಲ್ಲಿ, ಕೆಲವು ಬಸ್ಸುಗಳನ್ನೂ ತುರ್ತು ವಾಹನಗಳನ್ನೂ ಬಿಟ್ಟರೆ, ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರವಿಲ್ಲ. 2009ರಿಂದ ಈ ನಿಷೇಧವುಂಟು. ತಡವಾಗಿ ತಲಪಿದವರು ಗೇಟಿನ ಈಚೆಗೆ ಬೆಳಗಿನವರೆಗೂ ಕಾಯಬೇಕು. ಚಳಿಯ ರಾತ್ರಿ, ಎಂಜಿನ್ನಿನಲ್ಲಿ ಇನ್ನೂ ಕಾವಿತ್ತು. ಎಲ್ಲಿಯದೋ ಒಂದು ಮರಿ ಆ ಕಾವನ್ನು ಅರಸಿ ಒಳಗೆ ಸೇರಿಕೊಂಡಿತು. ಬೆಳಗ್ಗೆ ಕೀಲಿ ತಿರುಗಿಸುವ ಕ್ಷಣದಲ್ಲಿ ಮಿಯಾವ್ ಎಂಬ ಸದ್ದು ಕೇಳಿಸಿತಂತೆ. ಕೇಳಿಸದಿದ್ದಲ್ಲಿ ಈ ಲೇಖನವಿರುತ್ತಿರಲಿಲ್ಲ. ಗೇಟಿನಲ್ಲಿ ಸಿಕ್ಕಿದ್ದರಿಂದ ಗೇಟಿ ಎಂದು ಹೆಸರಿಟ್ಟನು. ವ್ಯಾಕರಣಸಮ್ಮತವಲ್ಲ; ಆದರೂ ಕರೆದರೆ ಬರುತ್ತದೆ.

ಅಂದಿನಿಂದ ಗೇಟಿ ಲಾರಿಯಲ್ಲಿಯೇ ಬೆಳೆಯಿತು. ನಾವು ಇದನ್ನು ಕೇಳಿ ಕೆರಳಿದೆವು. ಹೊಗೆ, ಸದ್ದು, ಬಿಸಿಲು. ಮೂಕಪ್ರಾಣಿಗೆ ಇದೆಂಥ ಶಿಕ್ಷೆ! ಅವನು ಮುಂಬಯಿಗೆ ಹೊರಟು ನಿಂತಾಗ, ಹೋಗಿಬರುವುದಕ್ಕೆ ಎಂಟೊಂಬತ್ತು ದಿನ ಹಿಡಿಯುವುದಾದ್ದರಿಂದ, ಬೆಕ್ಕನ್ನು ನಮ್ಮಲ್ಲಿ ಬಿಡತಕ್ಕದ್ದೆಂದು ವಿಧಿಸಿದೆವು.

"ಅದಕ್ಕೆ ಲಾರಿನೇ ಅಭ್ಯಾಸ ಆಗಿಬಿಟ್ಟಿದೆ ಮೇಷ್ಟ್ರೇ" ಎಂದನು.

ನಾವು ಸುಮ್ಮನಿರಬಹುದಾಗಿತ್ತು. ಬದಲಾಗಿ ಶ್ರೀವೈಷ್ಣವರ ಎರಡು ನ್ಯಾಯಗಳನ್ನು ಅವನಿಗೆ ಬೋಧಿಸಿದೆವು: ಕೋತಿಯ ಮರಿ ತಾನೇ ತಾಯಿಯನ್ನು ಅಪ್ಪಿ ಹಿಡಿಯುತ್ತದೆ, ಬೆಕ್ಕಿನ ಮರಿಯಾದರೋ ಯಾವ ಪ್ರಯತ್ನವನ್ನೂ ಮಾಡದು, ತಾಯಿ ಕಚ್ಚಿಕೊಂಡು ಹೋಗಿ ಇಟ್ಟಲ್ಲಿ ಇರುತ್ತದೆ. ಆದಕಾರಣ ನಮ್ಮ ಮನೆಯಲ್ಲಿ ಇಟ್ಟರೆ ನಮ್ಮ ಮನೆಯಲ್ಲಿ ಇರುವುದೆಂದು ಸಿದ್ಧಾಂತ ಮಾಡಿದೆವು. ಎಂಟನೆಯ ತರಗತಿಯಲ್ಲಿ ಒಪ್ಪಿದಂತೆಯೇ ಅವನು ಒಪ್ಪಿದನು.

ಗೇಟಿಗೆ ನಮ್ಮ ನ್ಯಾಯಶಾಸ್ತ್ರವು ತಿಳಿದಿರಲಿಲ್ಲ. ಮೊದಲ ದಿನ ಹಾಲಿಟ್ಟೆವು; ಕುಡಿದು ಹೊಟ್ಟೆ ಕೆಡಿಸಿಕೊಂಡಿತು. ಮೊಸರನ್ನವನ್ನು ಮೂಸಿ ಹಿಂದಕ್ಕೆ ಸರಿಯಿತು. ಪಶುವೈದ್ಯರನ್ನು ಕೇಳಲಾಗಿ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲು ಜೀರ್ಣವಾಗದೆಂದೂ, ಬೆಕ್ಕು ಹುಟ್ಟಾ ಮಾಂಸಾಹಾರಿಯಾದುದರಿಂದ ಅನ್ನದಲ್ಲಿ ಬದುಕಲಾರದೆಂದೂ ಹೇಳಿದರು. ಶಿಷ್ಯನು ಕೊಟ್ಟುಹೋಗಿದ್ದ ಮೀನಿನ ಆಹಾರದ ಡಬ್ಬಿಯನ್ನು ನಾವು ಜಗಲಿಯ ಮೂಲೆಯಲ್ಲಿ ಮುಚ್ಚಿಟ್ಟಿದ್ದೆವು. ನಮ್ಮ ಮನೆಯವರು, "ಅದರ ಜಾತಿ ಅದಕ್ಕೆ, ನಿಮ್ಮದು ನಿಮಗೆ" ಎನ್ನುತ್ತ ಸೆರಗಿನಿಂದ ಮೂಗು ಮುಚ್ಚಿಕೊಂಡು ಡಬ್ಬಿಯನ್ನು ತೆರೆದರು. ಹೊಟ್ಟೆ ಸರಿಹೋಯಿತು, ಬೆಕ್ಕು ಸರಿಹೋಗಲಿಲ್ಲ. ಕಿಟಕಿಯಲ್ಲಿ ಕುಳಿತಿರುವುದು, ಬೀದಿಯಲ್ಲಿ ಭಾರದ ಗಾಡಿಯೊಂದು ಹೋದರೆ ಎದ್ದು ನಿಲ್ಲುವುದು, ಸದ್ದು ಅಡಗಿದ ಮೇಲೆ ಮತ್ತೆ ಕೂರುವುದು. ನಾವು ಅದನ್ನು ನೋಡದಿರಲೆಂದು ಪುಸ್ತಕ ಹಿಡಿದುಕೊಂಡೆವು.

ಐದನೆಯ ರಾತ್ರಿ ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಲು ಮರೆತೆವು. ಎಚ್ಚರವಾದಾಗ ಎರಡು ಗಂಟೆ, ಬೆಕ್ಕಿಲ್ಲ. ಬಚ್ಚಲು, ಮಾಳಿಗೆ, ನೆರೆಮನೆಯ ಕಾಂಪೌಂಡು, ಎಲ್ಲವನ್ನೂ ಹುಡುಕಿದೆವು. ತಾಯಿಯಿಲ್ಲದವನ ಮನೆಯಲ್ಲಿ ಇದ್ದುದು ಅದೊಂದೇ ಜೀವ; ಅದನ್ನು ಬಲವಂತದಿಂದ ಇರಿಸಿಕೊಂಡು ಕಳೆದುಕೊಂಡೆವಲ್ಲ ಎಂದು ಕೈ ನಡುಗಿತು. ಅವನು ಬೆಳಗಾವಿಯ ಬಳಿ ಲಾರಿ ನಿಲ್ಲಿಸಿ ಮಲಗಿದ್ದನು. ಫೋನಿನಲ್ಲಿ ತಪ್ಪನ್ನು ಒಪ್ಪಿಕೊಂಡೆವು. ಸ್ವಲ್ಪ ಹೊತ್ತು ಮಾತೇ ಇಲ್ಲ.

"ಲಾರಿ ನಿಲ್ಲಿಸೋ ಜಾಗ ನೋಡಿದ್ರಾ ಮೇಷ್ಟ್ರೇ?"

ನೋಡಿರಲಿಲ್ಲ. ಟಾರ್ಚು ಹಿಡಿದು ತಿರುವಿಗೆ ಹೋದೆವು. ಖಾಲಿ ನಿವೇಶನದ ನಡುವೆ, ಲಾರಿಯ ಎಂಜಿನ್ ಆಯಿಲು ತೊಟ್ಟಿಕ್ಕಿ ನೆಲ ಕಪ್ಪಾಗಿದ್ದ ಜಾಗದ ಮೇಲೆ, ನಾಲ್ಕು ಕಾಲನ್ನೂ ಮಡಿಸಿಕೊಂಡು ಗೇಟಿ ಕುಳಿತಿತ್ತು. ನಮ್ಮನ್ನು ನೋಡಿತು, ಏಳಲಿಲ್ಲ.

ಸಿಕ್ಕಿತೆಂದು ತಿಳಿಸಿದಾಗ ಅವನು, "ಅದು ಮನೆಗೆ ಹೋಗಿತ್ತು, ಅಷ್ಟೇ" ಎಂದನು.

ನಾವು ತರಗತಿಯಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ಬೆಕ್ಕಿನ ಮನೆ ಯಾವುದೆಂದು ವಿಚಾರಿಸಿರಲಿಲ್ಲ.

ಅವನು ಹಿಂದಿರುಗಿದ ಮೇಲೆ ಎಲ್ಲವನ್ನೂ ಕ್ರಮಪಡಿಸಿದೆವು. ರೇಬೀಸ್ ಲಸಿಕೆ ಹಾಕಿಸಿದೆವು. ಸೀಟಿನ ಹಿಂದೆ ಅವನು ಮಲಗುವ ಹಲಗೆಯ ಪಕ್ಕದಲ್ಲಿ ಮರಳಿನ ತಟ್ಟೆ, ನೀರಿನ ಬಟ್ಟಲು. ಇಳಿಸುವಾಗ ಎದೆಗೆ ಪಟ್ಟಿ ಮತ್ತು ಹಗ್ಗ. ಕಾಡಿನ ಅಂಚಿನಲ್ಲಿ ಇಳಿಸತಕ್ಕದ್ದಲ್ಲ, ಚಿರತೆಗೆ ಬೆಕ್ಕೂ ಒಂದು ತುತ್ತು. ಬಿಸಿಲಿನದೇ ದೊಡ್ಡ ಚಿಂತೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಹವಾನಿಯಂತ್ರಣವಿರಬೇಕೆಂದು ಸರ್ಕಾರದ ನಿಯಮವಿದೆ. ಇವನದು ಹಳೆಯ ಗಾಡಿ. ಗಾಜು ಮುಚ್ಚಿ ನಿಲ್ಲಿಸಿದ ಕ್ಯಾಬಿನ್ನು ಕ್ಷಣದಲ್ಲಿ ಒಲೆಯಾಗುವುದರಿಂದ ಬೆಕ್ಕನ್ನು ಒಳಗೆ ಬಿಟ್ಟು ಊಟಕ್ಕೆ ಹೋಗುವುದಿಲ್ಲ. ಬೇಸಗೆಯಲ್ಲಿ ಚಿತ್ರದುರ್ಗದ ಬಯಲನ್ನು ಬೆಳಗಾಗುವುದರೊಳಗೆ ದಾಟುತ್ತಾನೆ. ಹಾಗೆಂದು ಅವನು ತನಗಾಗಿ ಎಂದೂ ಬೇಗ ಎದ್ದವನಲ್ಲ. ಕೆಲವರು ಚಾಲಕರು ಬೆಕ್ಕು ಅಪಶಕುನವೆಂದು ಹೆದರಿಸುತ್ತಾರಂತೆ. "ನಂದು ಅಡ್ಡ ಬರಲ್ಲ, ಜೊತೆಗೇ ಬರುತ್ತೆ" ಎಂದು ಉತ್ತರವಂತೆ.

ಮುಂದಿನ ಪ್ರಯಾಣದ ದಿನ ನಸುಕಿನಲ್ಲಿ ನಾವೂ ತಿರುವಿನವರೆಗೆ ಹೋದೆವು. ಅವನು ಬಗ್ಗಿ ಎಂಜಿನ್ನಿನ ಬಳಿ ಕೈಯಿಂದ ಮೂರು ಸಲ ತಟ್ಟಿದನು. ಗೇಟಿ ಸಿಕ್ಕಿದಂದಿನಿಂದ ಇದು ಅವನ ನಿಯಮ. ನಾವು ಧೈರ್ಯ ತಂದುಕೊಂಡು, "ಅಂದು ತರಗತಿಯಲ್ಲಿ ನಿನಗೆ ಒಂದು ಮಾತು ಆಡಿದ್ದೆವು" ಎಂದು ಆರಂಭಿಸಿದೆವು.

"ಯಾವ ಮಾತು ಮೇಷ್ಟ್ರೇ?" ಎಂದು ನಮ್ಮ ಮುಖವನ್ನೇ ನೋಡಿದನು.

ನಿಜವಾಗಿಯೂ ಮರೆತಿದ್ದನೋ, ನಮಗೆ ಶ್ರಮವಾಗದಿರಲೆಂದು ಮರೆತನೋ ತಿಳಿಯಲಿಲ್ಲ. "ಜೋಪಾನವಾಗಿ ಹೋಗಿ ಬಾ" ಎಂದೆವು. ಲಾರಿಯು ತಿರುವಿನಿಂದ ಹೊರಟಾಗ ಗೇಟಿ ಮುಂದಿನ ಗಾಜಿನ ಹಿಂದೆ ಕುಳಿತು, ನಮ್ಮ ಕಡೆಗೆ ನೋಡದೆ, ಮುಂಗಾಲನ್ನು ಎತ್ತಿ ನೆಕ್ಕಿಕೊಳ್ಳುತ್ತಿತ್ತು.