ಒಳಗನ್ನಡಿ ಮತ್ತು ಹೊರಗನ್ನಡಿ: ಕರಾವಳಿಯ ಶಾಸನಗಳಿಗೊಂದು ಕ್ಯಾಮೆರಾ

ಕುಂದಾಪುರದ ಕೋಡಿ ಎರಡು ನೀರುಗಳ ನಡುವಿನ ನೆಲ. ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಪಂಚಗಂಗಾವಳಿಯ ಹಿನ್ನೀರು, ಅಳಿವೆಯಾಚೆ ಗಂಗೊಳ್ಳಿ. ಸಂಜೆಯಾದರೆ ಇಲ್ಲಿನ ಕಡಲ ಕಟ್ಟೆಯ ಮೇಲೆ ಕ್ಯಾಮೆರಾ ಹಿಡಿದ ಯುವಕರ ಸಾಲೇ ನೆರೆದಿರುತ್ತದೆ. ಮುಳುಗುವ ಸೂರ್ಯ, ಅಳಿವೆ ದಾಟಿ ಮರಳುವ ದೋಣಿ, ದೀಪಸ್ತಂಭ ಇವು ಅವರ ವಸ್ತುಗಳು. ಇದೇ ಕೋಡಿಯಿಂದ ಒಂದೇ ಹಗಲಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಕೋಟೇಶ್ವರ, ಬಸ್ರೂರು, ಹಟ್ಟಿಯಂಗಡಿ, ಬಾರಕೂರುಗಳಿವೆ. ಅಲ್ಲಿನ ದೇವಾಲಯ, ಬಸದಿ, ಮಠಗಳ ಅಂಗಳಗಳಲ್ಲಿ ಶಾಸನಗಳೂ ವೀರಗಲ್ಲುಗಳೂ ನಿಂತಿವೆ. ಸೂರ್ಯಾಸ್ತವು ನಾಳೆಯೂ ಸಿಗುತ್ತದೆ. ಕಲ್ಲಿನ ಅಕ್ಷರಕ್ಕೆ ಅಂತಹ ಭರವಸೆಯಿಲ್ಲ. ಆದುದರಿಂದ ಈ ಭಾಗದ ಇತಿಹಾಸಾಸಕ್ತರು ಎಂತಹ ಕ್ಯಾಮೆರಾವನ್ನು ಆರಿಸಬೇಕು, ಅದನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆ ಕೇವಲ ಹವ್ಯಾಸದ ಪ್ರಶ್ನೆಯಲ್ಲ.

ಕರಾವಳಿಯ ಶಾಸನಗಳ ಪ್ರಕಟಣೆಯ ಚರಿತ್ರೆ ಹಳೆಯ ಮೈಸೂರಿನದಕ್ಕಿಂತ ಬೇರೆ. ಬಿ. ಎಲ್. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳು ಕೊಡಗು ಹಾಗೂ ಮೈಸೂರು ಸಂಸ್ಥಾನಗಳಿಗೆ ಸೀಮಿತವಾಗಿದ್ದವು. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದಲ್ಲಿದ್ದುದರಿಂದ ಇಲ್ಲಿನ ಶಾಸನಪಾಠಗಳು ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯಲ್ಲಿ ಬೆಳಕು ಕಂಡವು. ಅಲ್ಲಿ ಪಾಠವಿದೆ, ಬಹುಪಾಲು ಶಾಸನಗಳಿಗೆ ಚಿತ್ರವಿಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ತಟ್ಟಿ ತೆಗೆಯುವ ಪಡಿಯಚ್ಚುಗಳೇ ಓದುಗ ವಿದ್ವಾಂಸರಿಗೆ ಆಧಾರವಾಗಿದ್ದವು. ಮುಂದೆ ಡಾ. ಪಾದೂರು ಗುರುರಾಜ ಭಟ್ಟರು ಊರೂರು ಸುತ್ತಿ, 1975ರಲ್ಲಿ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಆ್ಯಂಡ್ ಕಲ್ಚರ್’ ಎಂಬ ಬೃಹದ್ಗ್ರಂಥವನ್ನು ಹೊರತಂದಾಗ, ಈ ನೆಲದ ವಿಗ್ರಹ-ವಾಸ್ತುಗಳ ಚಿತ್ರಪುಟಗಳು ವಿದ್ವಲ್ಲೋಕಕ್ಕೆ ದೊರೆತವು. ಅಂತಹ ಚಿತ್ರಗಳ ಬೆಲೆ ವರ್ಷ ಕಳೆದಂತೆ ಏರುತ್ತದೆ. ಏಕೆಂದರೆ ಕಲ್ಲು ಸುಮ್ಮನಿದ್ದರೂ ಅದರ ಸುತ್ತಲಿನ ಜನ ಸುಮ್ಮನಿರುವುದಿಲ್ಲ. ಜೀರ್ಣೋದ್ಧಾರದ ಭರದಲ್ಲಿ ಶಾಸನದ ಮೇಲೆ ಸುಣ್ಣವೋ ಎಣ್ಣೆ ಬಣ್ಣವೋ ಬೀಳುತ್ತದೆ. ಬುಡ ಸಿಮೆಂಟಿನಲ್ಲಿ ಹೂತು ಕೊನೆಯ ಸಾಲುಗಳು ಮರೆಯಾಗುತ್ತವೆ. ಮುರಕಲ್ಲಿನ ಹಳೆಯ ಗೋಡೆ ಬಿಚ್ಚುವಾಗ ಅದರೊಳಗಿದ್ದ ಬರೆಹದ ಚಪ್ಪಡಿ ಯಾವುದೋ ತಳಪಾಯ ಸೇರುತ್ತದೆ.

ಓದಿನಲ್ಲಿ ಒಂದು ಗೆರೆ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಂಕಿಗಳೇ ಉದಾಹರಣೆ. ಕನ್ನಡದ ೬ ಮತ್ತು ೯ ಅಂಕಿಗಳ ನಡುವೆ ಇರುವುದು ಒಂದು ಕೊಕ್ಕೆಯ ತಿರುವಿನ ಅಂತರ ಮಾತ್ರ. ಶಕವರ್ಷದ ಹತ್ತರ ಸ್ಥಾನದಲ್ಲಿ ಅದು ಅದಲುಬದಲಾದರೆ ಕಾಲ ಮೂವತ್ತು ವರ್ಷ ಸರಿದು, ಆಳುವ ಅರಸನೇ ಬದಲಾಗಬಹುದು. ಸಂವತ್ಸರದ ಹೆಸರು ಉಳಿದಿದ್ದರೆ ತಾಳೆ ನೋಡಲು ದಾರಿಯುಂಟು. ಅದೂ ಸವೆದಿದ್ದರೆ ಆ ಕೊಕ್ಕೆಯನ್ನು ತೋರಿಸುವ ಛಾಯಾಚಿತ್ರವೊಂದೇ ಸಾಕ್ಷಿ. ಕ್ಯಾಮೆರಾದ ಎಲ್ಲ ಗುಣದೋಷಗಳನ್ನೂ ಈ ಒಂದು ಕೊಕ್ಕೆಯ ಮುಂದಿಟ್ಟು ಅಳೆಯಬೇಕು.

ಡಿಎಸ್‌ಎಲ್‌ಆರ್ ಎಂಬ ಹೆಸರಿನ ತಿರುಳು ಒಂದು ಕನ್ನಡಿ. ಲೆನ್ಸಿನ ಮೂಲಕ ಬಂದ ಬೆಳಕನ್ನು ಒಳಗೆ ಓರೆಯಾಗಿ ನಿಂತ ಕನ್ನಡಿ ಮೇಲಕ್ಕೆ ಎಸೆಯುತ್ತದೆ. ಪ್ರಿಸ್ಮ್ ಅದನ್ನು ನೇರಗೊಳಿಸಿ ಕಣ್ಣಿಗೆ ಒಪ್ಪಿಸುತ್ತದೆ. ಗುಂಡಿ ಒತ್ತಿದಾಗ ಕನ್ನಡಿ ಮೇಲೆದ್ದು, ಬೆಳಕು ಸೆನ್ಸರಿನ ಮೇಲೆ ಬೀಳುತ್ತದೆ. 1991ರಲ್ಲಿ ಕೊಡ್ಯಾಕ್ ಸಂಸ್ಥೆ ನಿಕಾನಿನ ಎಫ್3 ಫಿಲ್ಮ್ ಕ್ಯಾಮೆರಾಕ್ಕೆ ಡಿಜಿಟಲ್ ಭಾಗವನ್ನು ಜೋಡಿಸಿ ಹೊರತಂದ ಯಂತ್ರದ ಶಕ್ತಿ 1.3 ಮೆಗಾಪಿಕ್ಸೆಲ್ ಮಾತ್ರ. 1999ರಲ್ಲಿ ನಿಕಾನ್ ಡಿ1, 2003ರಲ್ಲಿ ಕ್ಯಾನನ್ 300ಡಿ ಬಂದ ಮೇಲೆ ಇದು ಪತ್ರಿಕಾಲಯಗಳಿಂದ ಹವ್ಯಾಸಿಗಳ ಕೈಗೆ ಇಳಿಯಿತು. 2018ರಿಂದ ಈ ಎರಡೂ ಸಂಸ್ಥೆಗಳು ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳಿದವು. 2020ರ ನಂತರ ಅವುಗಳಿಂದ ಹೊಸ ಡಿಎಸ್‌ಎಲ್‌ಆರ್ ಮಾದರಿ ಬಂದಿಲ್ಲ. ಹೀಗಾಗಿ ಹಳೆಯ ಒಳ್ಳೆಯ ಬಾಡಿಗಳು ಕಡಿಮೆ ಬೆಲೆಗೆ ಕೈ ಬದಲಾಯಿಸುತ್ತಿವೆ. ವಿದ್ಯಾರ್ಥಿವೇತನದಲ್ಲಿ ಬದುಕುವ ಸಂಶೋಧಕನಿಗೆ ಇದು ಅನುಕೂಲದ ಕಾಲ.

ಕೊಳ್ಳುವವರು ಮೊದಲು ಕೇಳುವುದು ಮೆಗಾಪಿಕ್ಸೆಲ್ ಎಷ್ಟೆಂದು. ಉತ್ತರವನ್ನು ಕಲ್ಲಿನಿಂದಲೇ ಪಡೆಯಬಹುದು. 24 ಮೆಗಾಪಿಕ್ಸೆಲ್‌ ಚಿತ್ರದ ಉದ್ದ 6,000 ಬಿಂದುಗಳು, ಅಗಲ 4,000. ಸುತ್ತಲಿನ ಅಂಚು ಸೇರಿ ಎರಡು ಮೀಟರ್ ಎತ್ತರದ ಶಾಸನವೊಂದು ಆ ಉದ್ದವನ್ನು ತುಂಬಿದರೆ, ಒಂದು ಮಿಲಿಮೀಟರಿಗೆ ಮೂರು ಬಿಂದುಗಳು ದಕ್ಕುತ್ತವೆ. ಎರಡೂವರೆ ಸೆಂಟಿಮೀಟರ್ ಎತ್ತರದ ಅಕ್ಷರಕ್ಕೆ 75 ಬಿಂದು, ಎರಡು ಮಿಲಿಮೀಟರ್ ಅಗಲದ ಉಳಿಗೆರೆಗೆ 6 ಬಿಂದು. ಓದಿಗೆ ಇದು ಸಾಕು. 45 ಮೆಗಾಪಿಕ್ಸೆಲ್ಲಿನ ದುಬಾರಿ ನಿಕಾನ್ ಡಿ850 ಹಿಡಿದರೂ ಆ 6 ಬಿಂದು ಸುಮಾರು 8 ಆಗುತ್ತದೆ, ಅಷ್ಟೆ. ಅದರ ಬದಲು ಅದೇ ಶಾಸನವನ್ನು ಮೂರು ಭಾಗಗಳಾಗಿ, ಒಂದರ ಅಂಚು ಇನ್ನೊಂದರ ಮೇಲೆ ಹಾಯುವಂತೆ ತೆಗೆದರೆ, ಸಾಧಾರಣ ಕ್ಯಾಮೆರಾವೇ ದುಬಾರಿ ಕ್ಯಾಮೆರಾವನ್ನು ಮೀರಿಸುತ್ತದೆ.

ಬಾಡಿಯಲ್ಲಿ ಉಳಿದ ಹಣವನ್ನು ಲೆನ್ಸ್ ಮತ್ತು ಟ್ರೈಪಾಡಿಗೆ ಹಾಕುವುದು ಜಾಣತನ. ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿನ ಬಾಡಿಗೆ 50 ಮಿ.ಮೀ. ಲೆನ್ಸ್ ತೊಡಿಸಿದರೆ ಎರಡು ಮೀಟರಿನ ಕಲ್ಲನ್ನು ಹಿಡಿಯಲು ನಾಲ್ಕು ಮೀಟರಿಗೂ ಹಿಂದೆ ಸರಿಯಬೇಕಾಗುತ್ತದೆ. ಬಸದಿಯ ಇಕ್ಕಟ್ಟಿನಲ್ಲಿ ಅಷ್ಟು ಜಾಗ ಸಿಗುವುದು ಅಪರೂಪ. 35 ಮಿ.ಮೀ. ಲೆನ್ಸಿಗೆ ಮೂರು ಮೀಟರ್ ಸಾಕು. ಕ್ಯಾಮೆರಾದೊಡನೆ ಬರುವ 18-55ರ ಲೆನ್ಸನ್ನು 18ರ ತುದಿಯಲ್ಲಿ ಬಳಸಿದರೆ ಅಂಚಿನ ಸಾಲುಗಳು ಬಾಗುತ್ತವೆ. 35ರ ಆಸುಪಾಸಿನಲ್ಲಿ ಅದೇ ಲೆನ್ಸ್ ಒಳ್ಳೆಯ ಕೆಲಸ ಮಾಡುತ್ತದೆ. ಲೆನ್ಸಿನ ಮುಖ ಕಲ್ಲಿನ ಮುಖಕ್ಕೆ ಸಮಾನಾಂತರವಾಗಿರಬೇಕು. ಐಎಸ್‌ಒ 100, ಅಪರ್ಚರ್ ಎಫ್ 8, ರಾ ಕಡತ, ಎರಡು ಸೆಕೆಂಡಿನ ಟೈಮರ್ ಇಷ್ಟು ಹೊಂದಿಸಿ, ಟ್ರೈಪಾಡಿನ ಮೇಲೆ ನಿಲ್ಲಿಸಿದ ಮೇಲೆ ಕೈಯ ನಡುಕ ಓದಿಗೆ ಅಡ್ಡಿಯಾಗದು. ಒಳಗನ್ನಡಿ ಎದ್ದೇಳುವಾಗಿನ ಸಣ್ಣ ಅದುರು ಕೂಡ ನಿಧಾನ ಶಟರಿನಲ್ಲಿ ಗೆರೆಯನ್ನು ಮಸುಕಾಗಿಸುವುದುಂಟು. ಆದುದರಿಂದ ಕನ್ನಡಿಯನ್ನು ಮೊದಲೇ ಮೇಲೆತ್ತಿ ನಿಲ್ಲಿಸುವ ಸೌಲಭ್ಯವಿದ್ದರೆ ಬಳಸಬೇಕು. ಮೊಬೈಲ್ ಫೋನು ಟಿಪ್ಪಣಿಗೆ ಅನುಕೂಲವೇ ಸರಿ. ಆದರೆ ಅದರ ತಂತ್ರಾಂಶ ಚಿತ್ರವನ್ನು ತಾನೇ ನಯಗೊಳಿಸಿ, ತಾನೇ ಹರಿತಗೊಳಿಸುತ್ತದೆ. ಶಿಲೆಯ ಕಣ ಗೆರೆಯಾಗಿಯೂ ಗೆರೆ ಕಣವಾಗಿಯೂ ಕಾಣುವ ಅಪಾಯ ಅಲ್ಲಿದೆ. ಶಾಸನಕ್ಕೆ ಅಲಂಕಾರ ಬೇಕಿಲ್ಲ.

ಇಷ್ಟೆಲ್ಲ ಇದ್ದೂ ಬೆಳಕು ತಪ್ಪಿದರೆ ಶ್ರಮ ವ್ಯರ್ಥ. ಎದುರಿನಿಂದ ಬಿದ್ದ ಫ್ಲ್ಯಾಶ್ ಅಕ್ಷರದ ತಗ್ಗನ್ನೂ ಉಬ್ಬನ್ನೂ ಏಕವಾಗಿ ಬೆಳಗಿಸಿ ಶಾಸನವನ್ನು ಬೋಳು ಬಂಡೆಯಾಗಿಸುತ್ತದೆ. ಬದಿಯಿಂದ, ಹತ್ತು ಹದಿನೈದು ಡಿಗ್ರಿ ಓರೆಯಲ್ಲಿ ಸವರುವ ಬೆಳಕಿಗೆ ಮಾತ್ರ ಪ್ರತಿ ಗೆರೆಯೂ ತನ್ನ ನೆರಳನ್ನು ಒಪ್ಪಿಸುತ್ತದೆ. ಆದ್ದರಿಂದ ಶಾಸನ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬುದನ್ನು ತಿಳಿಯದೆ ಹೊರಡಬಾರದು. ಪೂರ್ವಾಭಿಮುಖ ಕಲ್ಲಿಗೆ ಓರೆಬೆಳಕು ದೊರೆಯುವುದು ಸೂರ್ಯ ನೆತ್ತಿಗೇರುವ ತುಸು ಮುನ್ನ, ಪಶ್ಚಿಮಾಭಿಮುಖ ಕಲ್ಲಿಗೆ ತುಸು ಅನಂತರ. ಕುಂದಾಪುರದಲ್ಲಿ ಸೂರ್ಯನ ನಡುಹಗಲು ಗಡಿಯಾರದ ಸುಮಾರು 12-30ಕ್ಕೆ ಎಂಬುದನ್ನೂ ನೆನಪಿಡಬೇಕು. ಉತ್ತರಕ್ಕೆ ಮುಖ ಮಾಡಿದ ಕಲ್ಲಿನ ಕಥೆ ಸ್ವಾರಸ್ಯಕರ. ಈ ಊರು ಸುಮಾರು 13.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ, ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿಯುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಾತ್ರ. ಜೂನಿನಿಂದ ಮಳೆ. ಆದುದರಿಂದ ಅಂತಹ ಕಲ್ಲಿಗೆ ನಡುಹಗಲಿನ ಓರೆಬೆಳಕು ವರ್ಷದಲ್ಲಿ ನೆಚ್ಚಿಕೆಯಿಂದ ಸಿಗುವುದು ಮೇ ತಿಂಗಳೊಂದರಲ್ಲಿ.

ಸೂರ್ಯ ತಾನಾಗಿ ಬಾರದ ಕಡೆ ಅವನನ್ನು ಕರೆತರುವ ಸಾಧನ ಹೊರಗಿನ ಒಂದು ಕನ್ನಡಿ. ಬಾರಕೂರಿನಲ್ಲಿ ಕತ್ತಲೆ ಬಸದಿ ಎಂಬ ಹೆಸರೇ ಇದೆ. ಅಂತಹ ಮಬ್ಬು ಒಳಾಂಗಣದಲ್ಲಿ ಫ್ಲ್ಯಾಶಿಗಿಂತ ಮುಂಚೆ ನೆನಪಾಗಬೇಕಾದುದು ಗೋಡೆಗೆ ತೂಗುಹಾಕುವ ಸಾಮಾನ್ಯ ಮುಖಕನ್ನಡಿ. ಜೊತೆಗೊಬ್ಬರು ಅಂಗಳದ ಬಿಸಿಲಲ್ಲಿ ಅದನ್ನು ಹಿಡಿದು ನಿಂತರೆ, ಬಾಗಿಲ ಮೂಲಕ ಬೆಳಕಿನ ಪಟ್ಟಿಯೊಂದು ಒಳಬಂದು ಕಲ್ಲನ್ನು ಸವರುತ್ತದೆ. ಕನ್ನಡಿಯನ್ನು ಬೆರಳಷ್ಟು ತಿರುಗಿಸಿದಾಗ ಸವೆದ ಸಾಲಿನಿಂದ ಅಕ್ಷರವೊಂದು ಎದ್ದು ಬರುವುದನ್ನು ನೋಡಿದವರು ಮತ್ತೆ ಮೆಗಾಪಿಕ್ಸೆಲ್ಲಿನ ಮಾತೆತ್ತುವುದಿಲ್ಲ. ಒಂದೇ ದಿಕ್ಕಿನ ಬೆಳಕು ತನಗೆ ಸಮಾನಾಂತರವಾದ ಗೆರೆಗಳನ್ನು ಮರೆಸುವುದರಿಂದ, ಮೇಲಿನಿಂದ, ಎಡದಿಂದ, ಬಲದಿಂದ ಹೀಗೆ ಮೂರು ಬೆಳಕಿನಲ್ಲಾದರೂ ತೆಗೆಯಬೇಕು. ೬ನ್ನೂ ೯ನ್ನೂ ಬೇರ್ಪಡಿಸುವ ಕೊಕ್ಕೆ ಈ ಮೂರರಲ್ಲಿ ಒಂದರಲ್ಲಿ ಸಿಕ್ಕೀತು. ಇದೇ ತತ್ತ್ವವನ್ನು ಗಣಕಕ್ಕೆ ಒಪ್ಪಿಸಿ, ಹಲವು ದಿಕ್ಕಿನ ಬೆಳಕಿನ ಚಿತ್ರಗಳನ್ನು ಒಂದಾಗಿ ಬೆಸೆಯುವ ಆರ್‌ಟಿಐ ವಿಧಾನವೂ ಈಗ ಬಳಕೆಯಲ್ಲಿದೆ.

ಓರೆಬೆಳಕಿನ ಹಿರಿಮೆಯೆಂದರೆ ಅದು ಕಲ್ಲನ್ನು ಮುಟ್ಟುವುದಿಲ್ಲ. ಸೀಮೆಸುಣ್ಣ ತೀಡಿ, ಹಿಟ್ಟು ಬಳಿದು ಅಕ್ಷರ ಕಾಣಿಸುವ ರೂಢಿ ಇನ್ನೂ ಅಲ್ಲಲ್ಲಿದೆ. ಅದರಿಂದ ಕಲ್ಲು ಕೆಡುವುದಲ್ಲದೆ, ತೀಡಿದವನ ಊಹೆಯೇ ಪಾಠವಾಗಿ ಉಳಿಯುತ್ತದೆ. ಪೂಜೆ ನಡೆಯುವ ಸ್ಥಳಗಳಲ್ಲಿ ಮೊಕ್ತೇಸರರ, ಅರ್ಚಕರ, ಇಂದ್ರರ ಅಪ್ಪಣೆ ಮೊದಲು, ಕ್ಯಾಮೆರಾ ಆಮೇಲೆ. ಬಸದಿಯೊಳಗೆ ಚರ್ಮದ ವಸ್ತು ಸಲ್ಲದಾದ್ದರಿಂದ ಕ್ಯಾಮೆರಾದ ಪಟ್ಟಿಯೂ ಚೀಲವೂ ಬಟ್ಟೆಯದಾಗಿರುವುದು ಮೇಲು. ಬೆಳಕನ್ನು ಎಲ್ಲಿ ಚೆಲ್ಲಬಾರದೆಂಬ ಪಾಠವನ್ನು ಕೋಡಿಯ ಮರಳೇ ಕಲಿಸುತ್ತದೆ. ಇಲ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಇರುಳಲ್ಲಿ ಹೊರಬಂದ ಮರಿಗಳು ಕಡಲ ಮೇಲಿನ ತೆಳುಬೆಳಕನ್ನು ನೆಚ್ಚಿ ನೀರು ಸೇರುತ್ತವೆ. ಅಲ್ಲಿ ಮಿಂಚಿಸಿದ ಫ್ಲ್ಯಾಶ್ ಅವುಗಳ ದಾರಿಯನ್ನೇ ತಪ್ಪಿಸೀತು.

ಕರಾವಳಿಯಲ್ಲಿ ಕ್ಯಾಮೆರಾ ಕೊಳ್ಳುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಗಾಳಿಯ ತೇವ ಶೇಕಡಾ 60-65ನ್ನು ಮೀರಿ ನಿಂತಲ್ಲಿ ಲೆನ್ಸಿನೊಳಗೆ ಜೇಡನ ಬಲೆಯಂತೆ ಬೂಷ್ಟು ಹಬ್ಬುತ್ತದೆ; ಅದು ಗಾಜಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮಾಪಕ ಇಷ್ಟಿದ್ದರೆ ಮಳೆಗಾಲ ದಾಟಬಹುದು. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿಕೊಳ್ಳಬೇಕು. ಕಡಲ ದಂಡೆಯಲ್ಲಿ ಲೆನ್ಸ್ ಬದಲಿಸಬಾರದು. ಮನೆಗೆ ಬಂದ ಮೇಲೆ ಬಾಡಿಯನ್ನು ತುಸು ಒದ್ದೆಯಾದ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ ಹಿಡಿಯಬೇಕು. ಒಣಗಿದ ಉಪ್ಪಿನ ಕಣವನ್ನು ಹಾಗೆಯೇ ಉಜ್ಜಿದರೆ ಗಾಜಿನ ಮೇಲೆ ಗೀರು ಖಂಡಿತ. ಹಳೆಯ ಲೆನ್ಸ್ ಕೊಳ್ಳುವವರು ಒಂದು ಬದಿಯಿಂದ ಟಾರ್ಚ್ ಹಾಯಿಸಿ ಇನ್ನೊಂದು ಬದಿಯಿಂದ ನೋಡಿದರೆ ಬೂಷ್ಟು ಅಡಗಿರಲಾರದು. ಬಾಡಿಯಾದರೆ ಶಟರ್ ಎಷ್ಟು ಬಾರಿ ಬಡಿದಿದೆ ಎಂದು ವಿಚಾರಿಸಬೇಕು. ಒಂದು ಲಕ್ಷವನ್ನು ದಾಟಿದ ಸಾಧಾರಣ ಬಾಡಿಯ ಆಯುಷ್ಯ ಮುಗಿಯುತ್ತ ಬಂದಿರಬಹುದು.

ಕೊನೆಯದಾಗಿ, ತೆಗೆದ ಚಿತ್ರ ದಾಖಲೆಯಾಗುವುದು ಅದರ ಜೊತೆಗಿನ ಬರೆಹದಿಂದ. ಚೌಕಟ್ಟಿನ ಅಂಚಿನಲ್ಲಿ ಒಂದು ಅಳತೆಪಟ್ಟಿ; ಹಾಳೆಯಲ್ಲಿ ಊರು, ಸ್ಥಳ, ಕಲ್ಲು ಮುಖ ಮಾಡಿದ ದಿಕ್ಕು, ದಿನಾಂಕ, ಬೆಳಕು ಬಂದ ಬದಿ. ಕಲ್ಲಿನ ಒಂದು ಚಿತ್ರ ಅದು ನಿಂತ ಪರಿಸರದೊಡನೆ, ಮಿಕ್ಕವು ಸಾಲುಗಳ ಸನಿಹದಿಂದ. 200 ಕಲ್ಲುಗಳಿಗೆ ತಲಾ ಹತ್ತು ಚಿತ್ರವೆಂದರೂ, ಒಂದಕ್ಕೆ 30 ಎಂಬಿಯಂತೆ, ಒಟ್ಟು 60 ಜಿಬಿ. ಎರಡು ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇಡುವುದು ದುಬಾರಿಯೇನಲ್ಲ. ಪ್ರತಿಯೊಂದು ದೇವಸ್ಥಾನದ ಆಡಳಿತದವರಿಗೂ ತಲುಪಬೇಕು. ತಮ್ಮ ಅಂಗಳದ ಕಲ್ಲಿನಲ್ಲಿ ಏನು ಬರೆದಿದೆಯೆಂದು ಕಂಡವರು ಅದರ ಮೇಲೆ ಬಣ್ಣ ಬಳಿಸುವ ಮುನ್ನ ಒಮ್ಮೆ ಯೋಚಿಸುತ್ತಾರೆ.

ಕ್ಯಾಮೆರಾದೊಳಗಿನ ಕನ್ನಡಿಯ ಕಾಲ ಮುಗಿಯುತ್ತಿದೆ. ಮುಂದೆ ಎಂತಹ ಯಂತ್ರ ಬಂದರೂ ಅಂಗಳದ ಬಿಸಿಲಲ್ಲಿ ಕನ್ನಡಿ ಹಿಡಿದು ನಿಲ್ಲುವ ಒಬ್ಬರ ಅಗತ್ಯ ತಪ್ಪದು. ಶಾಸನ ಬರೆಸಿದವರು ಅದು ಸೂರ್ಯಚಂದ್ರರಿರುವವರೆಗೂ ಉಳಿಯಲೆಂದು ಹಾರೈಸಿ, ಕಲ್ಲಿನ ತುದಿಯಲ್ಲಿ ಅವರಿಬ್ಬರನ್ನೂ ಕೊರೆಯಿಸಿದರು. ಆ ಸೂರ್ಯನ ಬೆಳಕನ್ನೇ ಸರಿಯಾದ ಹೊತ್ತಿಗೆ, ಸರಿಯಾದ ಓರೆಯಲ್ಲಿ ಅದರ ಸಾಲುಗಳ ಮೇಲೆ ತಂದು ಬೀಳಿಸುವುದಷ್ಟೆ ಈ ಕಾಲದವರ ಪಾಲಿನ ಕೆಲಸ.